ಪೆಟ್ಟಿಗೆಯೊಳಗಿನ ತಂಬೂರಿ

ಹುಬ್ಬಳ್ಳಿ-ಧಾರವಾಡದ ಮಗ್ಗುಲಲ್ಲೇ ಇರುವ ಹಳಿಯಾಳ, ಮುಂಡಗೋಡ ಸೀಮೆಗೆ ಹಿಂದೂಸ್ತಾನಿ ಸಂಗೀತ ಹೊಸತೇನಲ್ಲ. ಆದರೆ ದಾಂಡೇಲಿ ದಾಟಿ ಜೊಯಿಡಾದ ಕಾಡು ಹೊಕ್ಕರೆ ತಂಬೂರಿಗೆ ಮಳೆಗಾಲವೇ ವೈರಿ. ಕುಂಬಳದ ಬುರುಡೆ, ಮರ ಎರಡೂ ತೇವ ಹೀರುತ್ತವೆ, ಶ್ರುತಿ ಕೆಡುತ್ತದೆ. ಸಿದ್ದಿಗಳ ದಮಾಮದ ಚರ್ಮಕ್ಕೂ ಥಂಡಿ ಆಗದು. ಆದರೂ ಈ ವಾದ್ಯಗಳಲ್ಲಿ ಒಂದು ಗುಣವಿದೆ: ಕೆಟ್ಟದ್ದು ತಕ್ಷಣ ಕಿವಿಗೆ ಬೀಳುತ್ತದೆ, ಕೈ ಅದನ್ನು ಸರಿಪಡಿಸುತ್ತದೆ.

ಈ ತೊಂದರೆಗೆ ಉತ್ತರ ಬಂದದ್ದು ಬೆಂಗಳೂರಿನಿಂದ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ನಾಲ್ಕು ತಂತಿಗಳ ಮೀಟನ್ನು ಕ್ರಮವಾಗಿ ನುಡಿಸಿ, ಮತ್ತೆ ಮೊದಲಿನಿಂದ ಆರಂಭಿಸಿ, ಗಂಟೆಗಟ್ಟಲೆ ಅದನ್ನೇ ಸುತ್ತುವುದು ಅದರ ಕೆಲಸ. ತಂಬೂರಿ ಹಿಡಿದು ಕೂರಲು ಇನ್ನೊಬ್ಬರು ಬೇಕಿಲ್ಲವಾದ್ದರಿಂದ ಒಂಟಿ ಸಾಧಕರಿಗೆ ಅದು ವರವಾಯಿತು.

ಇಂಥ ಯಂತ್ರ ನಂಬಿಕೆಗೆ ಅರ್ಹವೇ ಎಂಬುದು ಅದು ಎಷ್ಟು ವರ್ಷ ಬಾಳುತ್ತದೆ ಎಂಬುದರಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಹಳೆಯ ಬಗೆಯ ಮಂಡಲಗಳಲ್ಲಿ ಸ್ವರದ ಎತ್ತರ ನಿಂತಿದ್ದುದು ರೆಸಿಸ್ಟರ್, ಕೆಪಾಸಿಟರ್‌ಗಳ ಮೇಲೆ. ಬಿಸಿಯಾದರೆ ಅವುಗಳ ಬೆಲೆ ಬದಲಾಗುತ್ತದೆ. ಸೆಲ್ ಸೋತರೆ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಹಿಡಿದಿಡುವ ಭಾಗವನ್ನು ಉಳಿತಾಯಕ್ಕಾಗಿ ಬಿಟ್ಟ ಅಗ್ಗದ ಪೆಟ್ಟಿಗೆಯಲ್ಲಿ ಷಡ್ಜ ಮೆಲ್ಲಗೆ ಜಾರುತ್ತದೆ. ಎಲ್ಲ ಸ್ವರಗಳೂ ಒಂದೇ ಮೂಲದಿಂದ ಹುಟ್ಟುವ ಪೆಟ್ಟಿಗೆಯಾದರಂತೂ ಷಡ್ಜ, ಪಂಚಮ ಕೈಕೈ ಹಿಡಿದೇ ಜಾರುತ್ತವೆ. ಅವುಗಳ ನಡುವಿನ ನಂಟು ಹಾಗೇ ಇರುವುದರಿಂದ ಕಿವಿಗೆ ಅನುಮಾನವೇ ಬರುವುದಿಲ್ಲ! ಕಲಿಯುವ ಹುಡುಗಿ ಅದರ ಹಿಂದೆಯೇ ಇಳಿಯುತ್ತಾಳೆ. ಪಕ್ಕದಲ್ಲಿ ಹಾರ್ಮೋನಿಯಂ ನುಡಿದಾಗಷ್ಟೇ ಗುಟ್ಟು ರಟ್ಟು. ಸೆಕೆಂಡಿಗೆ 240 ಕಂಪನಗಳ ಷಡ್ಜ ಶೇ 1ರಷ್ಟು ಜಾರಿದರೂ ಎರಡರ ನಡುವೆ ಸೆಕೆಂಡಿಗೆ ಎರಡು-ಮೂರು ಅಲೆಗಳೇಳುತ್ತವೆ.

ಸ್ಫಟಿಕದ ಆಧಾರದಲ್ಲಿ ನಡೆಯುವ ಡಿಜಿಟಲ್ ಮಂಡಲಗಳು ಬಂದ ಮೇಲೆ ಈ ಜಾರುವಿಕೆ ಬಹುಮಟ್ಟಿಗೆ ನಿಂತಿತು. ನಿಜವಾದ ತಂಬೂರಿಯ ನಾದವನ್ನೇ ಚಿಪ್‌ನಲ್ಲಿ ತುಂಬಿ ಸುತ್ತಿಸುವ ಪದ್ಧತಿಯೂ ಬಂತು. ಅಲ್ಲಿ ಬೇರೊಂದು ಪರೀಕ್ಷೆ: ಸುತ್ತಿನ ಕೊನೆ ಮತ್ತು ಮೊದಲು ಕೂಡುವ ಬೆಸುಗೆ. ಅದು ಒರಟಾಗಿದ್ದರೆ ಪ್ರತಿ ಸುತ್ತಿಗೂ ಸಣ್ಣ ‘ಟಕ್’. ಒಮ್ಮೆ ಕೇಳಿಸಿತೆಂದರೆ ಆಮೇಲೆ ರಾಗ ಕೇಳಿಸುವುದಿಲ್ಲ, ಟಕ್ ಮಾತ್ರ.

ಚಿಪ್ ಎಷ್ಟೇ ಕರಾರುವಾಕ್ಕಾಗಿದ್ದರೂ ಪೆಟ್ಟಿಗೆಯ ಉಳಿದ ಭಾಗಗಳಿಗೆ ಹವೆಯ ಕಾಟ ತಪ್ಪಿಲ್ಲ. ಶ್ರುತಿ ಹೊಂದಿಸುವ ಗುಂಡಿಯೊಳಗೆ ತೇವ, ಧೂಳು ಸೇರಿ ಕರಕರ ಎನ್ನುತ್ತದೆ. ಸೆಲ್ ಕೂರುವ ಲೋಹದ ಪಟ್ಟಿಗೆ ಕಿಲುಬು ಹಿಡಿಯುತ್ತದೆ. ಬಿಡಿಭಾಗಗಳನ್ನು ಬಿಡಿಬಿಡಿಯಾಗಿ ಬೆಸೆದಿದ್ದ ಹಳೆಯ ಪೆಟ್ಟಿಗೆಯನ್ನು ಪೇಟೆಯ ರೇಡಿಯೋ ರಿಪೇರಿಯವನೂ ಬಿಚ್ಚಿ ನೋಡಬಹುದಿತ್ತು. ಎಲ್ಲವೂ ಒಂದೇ ಚಿಪ್‌ಗೆ ಇಳಿದ ಮೇಲೆ ಇಡೀ ಹಲಗೆಯನ್ನೇ ಬದಲಿಸಬೇಕು. ಈಗ ಮೊಬೈಲ್ ಆ್ಯಪ್‌ಗಳು ಅದೇ ಕೆಲಸ ಮಾಡುತ್ತಿವೆ, ನಡುವೆ ಕರೆ ಬಾರದಿದ್ದರೆ.

ಕಾಳಿ ನದಿಯ ವಿದ್ಯುತ್ ನಾಡಿಗೆಲ್ಲ ಹರಿದರೂ ಜೊಯಿಡಾದ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಸೆಲ್ಲೇ ಗತಿ. ಆಗ ಒಳ್ಳೆಯ ಪೆಟ್ಟಿಗೆ ಸೆಲ್ ಸೋತೊಡನೆ ಸುಮ್ಮನಾಗುತ್ತದೆ. ಅಗ್ಗದ್ದು ಹಾಡುತ್ತಲೇ ಇರುತ್ತದೆ, ಕೆಳಗೆ ಕೆಳಗೆ ಇಳಿಯುತ್ತ.