ಡೊಂಬಿವಲಿ ಕಾರ್ಮಿಕನ ಪಿಂಚಣಿ ಲೆಕ್ಕ: ವಂತಿಗೆ ಏರಿಸಿದರೆ ಕೈಗೆ ಬರುವುದೆಷ್ಟು, ಜೇಬಿನಿಂದ ಹೋಗುವುದೆಷ್ಟು?

ಥಾಣೆ ಜಿಲ್ಲೆಯ ಡೊಂಬಿವಲಿ ಎಂಐಡಿಸಿ ಶುರುವಾಗಿದ್ದು 1960ರ ದಶಕದಲ್ಲಿ. ಬಣ್ಣ, ರಾಸಾಯನಿಕ, ಜವಳಿ ಸಂಸ್ಕರಣೆ, ಎಂಜಿನಿಯರಿಂಗ್ ಘಟಕಗಳು ಒಂದಕ್ಕೊಂದು ಅಂಟಿಕೊಂಡಂತೆ ಇರುವ ಈ ಪ್ರದೇಶದಲ್ಲಿ ಕರಾವಳಿ ಮತ್ತು ಉತ್ತರ ಕರ್ನಾಟಕದಿಂದ ಹೋದ ಕನ್ನಡಿಗರೂ ದುಡಿಯುತ್ತಾರೆ. ಮೊದಲ ತಲೆಮಾರು ನಿವೃತ್ತಿಯಾಗಿ ಬಹಳ ಕಾಲವಾಯಿತು. ಈಗ 1990ರ ದಶಕದಲ್ಲಿ ಕೆಲಸಕ್ಕೆ ಸೇರಿದವರ ಸರದಿ.

ಹಾಗೆ ಸೇರಿ 27 ವರ್ಷ ಬಿಡದೆ ದುಡಿದ ಕಾರ್ಮಿಕನಿಗೆ ನೌಕರರ ಪಿಂಚಣಿ ಯೋಜನೆಯಿಂದ (ಇಪಿಎಸ್-95) ತಿಂಗಳಿಗೆ ಸಿಗುವುದು ನಾಲ್ಕು ಸಾವಿರ ರೂಪಾಯಿ ಚಿಲ್ಲರೆ. ಡೊಂಬಿವಲಿಯಲ್ಲಿ ಈ ದುಡ್ಡಿಗೆ ಒಂದು ಕೋಣೆ ಬಾಡಿಗೆಗೆ ಸಿಗುವುದೂ ಕಷ್ಟ. ವಂತಿಗೆ ಹೆಚ್ಚಿಸಿದರೆ ಪಿಂಚಣಿ ಹೆಚ್ಚುತ್ತದೆಯೇ? ಹೆಚ್ಚುವರಿ ಹಣ ಯಾರ ಜೇಬಿನಿಂದ ಬರಬೇಕು? ಜಪಾನ್, ಜರ್ಮನಿ, ದಕ್ಷಿಣ ಕೊರಿಯಾದಂಥ ವಯಸ್ಸಾಗುತ್ತಿರುವ ದೇಶಗಳು ಎದುರಿಸಿದ ಪ್ರಶ್ನೆಯೇ ಇದು. ಆದರೆ ಇಲ್ಲಿನ ಲೆಕ್ಕ ಸ್ವಲ್ಪ ಬೇರೆ.

ಸಂಬಳದಿಂದ ಕಡಿತವಾಗುವ ಹಣ ಎಲ್ಲಿಗೆ ಹೋಗುತ್ತದೆ?

ನೌಕರರ ಭವಿಷ್ಯ ನಿಧಿ ಕಾಯ್ದೆ ಜಾರಿಗೆ ಬಂದಿದ್ದು 1952ರಲ್ಲಿ. ಆಗ ವಂತಿಗೆ ದರ ಶೇ 6.25 ಇತ್ತು. ಹಂತ ಹಂತವಾಗಿ ಏರಿ 1997ರಲ್ಲಿ ಶೇ 12ಕ್ಕೆ ಬಂದು ನಿಂತಿತು. ಕಾರ್ಮಿಕನಿಂದ ಶೇ 12, ಮಾಲೀಕನಿಂದ ಶೇ 12. ಒಟ್ಟು ಶೇ 24 ಎಂದರೆ ಸಣ್ಣ ಮೊತ್ತವಲ್ಲ.

ಬಹಳ ಮಂದಿ ಗಮನಿಸದ ವಿಷಯ ಒಂದಿದೆ. ಕಾರ್ಮಿಕನ ಸಂಬಳದಿಂದ ಕಡಿತವಾಗುವ ಶೇ 12ರಲ್ಲಿ ಒಂದು ಪೈಸೆಯೂ ಪಿಂಚಣಿಗೆ ಹೋಗುವುದಿಲ್ಲ. ಅದಷ್ಟೂ ಅವನ ಹೆಸರಿನ ಪಿಎಫ್ ಖಾತೆಯಲ್ಲಿ ಉಳಿತಾಯವಾಗಿ ಕೂರುತ್ತದೆ. ಪಿಂಚಣಿ ನಿಧಿಗೆ ಹೋಗುವುದು ಮಾಲೀಕನ ಪಾಲಿನ ಶೇ 8.33 ಮತ್ತು ಕೇಂದ್ರ ಸರ್ಕಾರ ಕೊಡುವ ಶೇ 1.16 ಮಾತ್ರ. ಅದಕ್ಕೂ ಮಿತಿ ಇದೆ. 2014ರ ಸೆಪ್ಟೆಂಬರ್ 1ರಿಂದ ಈ ಲೆಕ್ಕಕ್ಕೆ ವೇತನ ಮಿತಿ 15,000 ರೂಪಾಯಿ. ಅಂದರೆ ಸಂಬಳ 30,000 ಇದ್ದರೂ ಪಿಂಚಣಿ ನಿಧಿಗೆ ಮಾಲೀಕನ ಪಾಲಿನಿಂದ ಹೋಗುವುದು ತಿಂಗಳಿಗೆ 1,250 ರೂಪಾಯಿ, ಸರ್ಕಾರದಿಂದ 174 ರೂಪಾಯಿ. ನಿಜವಾದ ಸಂಬಳಕ್ಕೆ ಹೋಲಿಸಿದರೆ ಮಾಲೀಕನ ಪಾಲು ಶೇ 4.2 ಕೂಡ ದಾಟುವುದಿಲ್ಲ. ಕಾಗದದ ಮೇಲಿನ ಶೇ 24 ಕಂಡು ಮೋಸ ಹೋಗಬಾರದು.

ನಾಲ್ಕು ಸಾವಿರದ ಲೆಕ್ಕ ಹೇಗೆ?

ಸೂತ್ರ ಸರಳ. ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಪೂರ್ತಿ ಪಿಂಚಣಿಗೆ ವಯಸ್ಸು 58 ಆಗಿರಬೇಕು. 15,000 ಮಿತಿಯಲ್ಲಿ 35 ವರ್ಷ ದುಡಿದರೆ 7,500 ರೂಪಾಯಿ ಬರಬೇಕು. ಆದರೆ ಇಂದು ನಿವೃತ್ತಿಯಾಗುವವರಿಗೆ ಅಷ್ಟು ಸಿಗುವುದಿಲ್ಲ. 2014ರ ತಿದ್ದುಪಡಿ ಪ್ರಕಾರ ಆ ವರ್ಷದ ಸೆಪ್ಟೆಂಬರ್‌ಗೆ ಮುಂಚಿನ ಸೇವೆಗೆ ಹಳೆಯ ಮಿತಿಯಾದ 6,500 ರೂಪಾಯಿಯೇ ಆಧಾರ.

1999ರ ಸೆಪ್ಟೆಂಬರ್‌ನಲ್ಲಿ ಸೇರಿ 2026ರ ಆಗಸ್ಟ್‌ನಲ್ಲಿ 58 ತುಂಬುವ, ಕೊನೆಯ ಐದು ವರ್ಷ 15,000ಕ್ಕಿಂತ ಹೆಚ್ಚು ಸಂಬಳ ಇರುವ ಕಾರ್ಮಿಕನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮೊದಲ 15 ವರ್ಷಕ್ಕೆ 6,500ರ ಲೆಕ್ಕದಲ್ಲಿ 1,393 ರೂಪಾಯಿ. ನಂತರದ 12 ವರ್ಷಕ್ಕೆ 15,000ದ ಲೆಕ್ಕದಲ್ಲಿ 2,571 ರೂಪಾಯಿ. ಒಟ್ಟು 3,964. 20 ವರ್ಷ ದಾಟಿದವರಿಗೆ ಕೊಡುವ 2 ವರ್ಷದ ಹೆಚ್ಚುವರಿ ಸೇವೆಯನ್ನು ಸೇರಿಸಿದರೂ 4,400 ದಾಟುವುದಿಲ್ಲ. ಇದಕ್ಕೆ ತುಟ್ಟಿಭತ್ಯೆಯೂ ಇಲ್ಲ. 58ನೇ ವಯಸ್ಸಿಗೆ ನಿಗದಿಯಾದ ಮೊತ್ತವೇ 78ನೇ ವಯಸ್ಸಿಗೂ ಬರುತ್ತದೆ.

ದೇಶದಲ್ಲಿ ಈ ಯೋಜನೆಯ ಪಿಂಚಣಿದಾರರು ಸುಮಾರು 80 ಲಕ್ಷ. ಕನಿಷ್ಠ ಪಿಂಚಣಿ 2014ರಿಂದ 1,000 ರೂಪಾಯಿ. ಭಗತ್ ಸಿಂಗ್ ಕೋಶ್ಯಾರಿ ಅಧ್ಯಕ್ಷತೆಯ ರಾಜ್ಯಸಭಾ ಸಮಿತಿ 2013ರಲ್ಲೇ ಇದನ್ನು 3,000 ಮಾಡಿ ಎಂದಿತ್ತು. ಅದೇ ಕೋಶ್ಯಾರಿ ಮುಂದೆ ಮಹಾರಾಷ್ಟ್ರದ ರಾಜ್ಯಪಾಲರಾಗಿ ಬಂದು ಹೋದರು, ಶಿಫಾರಸು ಮಾತ್ರ ಕಡತದಲ್ಲೇ ಉಳಿಯಿತು. ಪಿಂಚಣಿದಾರರ ಸಂಘಟನೆಗಳ ಈಗಿನ ಬೇಡಿಕೆ ತುಟ್ಟಿಭತ್ಯೆ ಸಹಿತ 7,500. ಹೋಲಿಕೆಗೆ ಹೇಳುವುದಾದರೆ, ಕೇಂದ್ರ ಸರ್ಕಾರಿ ನೌಕರರಿಗೆ 2025ರ ಏಪ್ರಿಲ್ 1ರಿಂದ ಬಂದ ಏಕೀಕೃತ ಪಿಂಚಣಿ ಯೋಜನೆಯಲ್ಲಿ 10 ವರ್ಷ ಸೇವೆಗೆ ಕನಿಷ್ಠ 10,000 ರೂಪಾಯಿ ಖಾತ್ರಿ ಇದೆ. ಅಲ್ಲಿ ಸರ್ಕಾರ ತನ್ನ ನೌಕರರಿಗಾಗಿ ಹಾಕುವುದು ಶೇ 18.5. ಕಾರ್ಖಾನೆ ಕಾರ್ಮಿಕನಿಗೆ ಶೇ 1.16.

ಬೇರೆ ದೇಶಗಳು ಮಾಡಿದ್ದೇನು?

ಜಪಾನ್‌ನಲ್ಲಿ 65 ದಾಟಿದವರು ಜನಸಂಖ್ಯೆಯ ಶೇ 29ರಷ್ಟಿದ್ದಾರೆ. ಆ ದೇಶ 2004ರಲ್ಲಿ ಒಂದು ಕಾನೂನು ಮಾಡಿ, ಶೇ 13.58 ಇದ್ದ ನೌಕರರ ಪಿಂಚಣಿ ವಂತಿಗೆಯನ್ನು ಪ್ರತಿ ವರ್ಷ ಶೇ 0.354ರಂತೆ ಏರಿಸುತ್ತಾ ಹೋಯಿತು. 2017ರಲ್ಲಿ ಶೇ 18.3ಕ್ಕೆ ಬಂದಾಗ ನಿಲ್ಲಿಸಿತು. ಅರ್ಧ ಮಾಲೀಕ, ಅರ್ಧ ಕಾರ್ಮಿಕ. ಏರಿಕೆ ಎಲ್ಲಿಗೆ ನಿಲ್ಲುತ್ತದೆ ಎಂಬುದು ಮೊದಲೇ ಎಲ್ಲರಿಗೂ ಗೊತ್ತಿತ್ತು. ಜರ್ಮನಿಯಲ್ಲಿ 2018ರಿಂದ ದರ ಶೇ 18.6. ಅಲ್ಲಿ ವಂತಿಗೆ ಮಾತ್ರ ಸಾಲದೆ ಸರ್ಕಾರ ತೆರಿಗೆ ಹಣದಿಂದ ವರ್ಷಕ್ಕೆ 100 ಬಿಲಿಯನ್ ಯೂರೋಗೂ ಹೆಚ್ಚು ತುಂಬುತ್ತಿದೆ.

ದಕ್ಷಿಣ ಕೊರಿಯಾ 1998ರಿಂದ ಶೇ 9ರಲ್ಲೇ ಇತ್ತು. ಏರಿಸುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ. ಕೊನೆಗೆ 2025ರ ಮಾರ್ಚ್‌ನಲ್ಲಿ ಸಂಸತ್ತು ಒಪ್ಪಿದ ಪ್ರಕಾರ 2026ರಿಂದ ವರ್ಷಕ್ಕೆ ಶೇ 0.5ರಂತೆ ಏರಿ ದರ ಶೇ 13 ಆಗಲಿದೆ. ಕಟ್ಟುವುದು ನಾವು, ಉಣ್ಣುವುದು ಹಿರಿಯರು ಎಂಬ ತಕರಾರು ಅಲ್ಲಿನ ಯುವ ಸಂಸದರಿಂದಲೇ ಬಂತು.

ಭಾರತದ ಪರಿಸ್ಥಿತಿ ಅಷ್ಟು ಬಿಗಿಯಾಗಿಲ್ಲ. ಇಲ್ಲಿ ವಂತಿಗೆದಾರರು ಕೋಟಿಗಳಲ್ಲಿ, ಪಿಂಚಣಿದಾರರು ಲಕ್ಷಗಳಲ್ಲಿ. ಆದರೆ ಸಮಯ ಬಹಳ ಇಲ್ಲ. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿ ಪ್ರಕಾರ 2050ಕ್ಕೆ ಭಾರತದಲ್ಲಿ 60 ದಾಟಿದವರು ಶೇ 20.8, ಅಂದರೆ ಸುಮಾರು 34.7 ಕೋಟಿ. ಮಹಾರಾಷ್ಟ್ರ ಮತ್ತು ಕರ್ನಾಟಕ ಎರಡರಲ್ಲೂ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1.7ಕ್ಕೆ ಇಳಿದಿದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಮಕ್ಕಳೇ ಪಿಂಚಣಿ ಎಂಬ ಕಾಲ ಹೋಯಿತು.

ದರವೋ, ಮಿತಿಯೋ?

ಇಲ್ಲಿ ಚರ್ಚೆಯಾಗಬೇಕಾದ್ದು ಶೇ 12 ಎಂಬ ದರವಲ್ಲ, 15,000 ಎಂಬ ಮಿತಿ. ಇಎಸ್‌ಐ ಸೌಲಭ್ಯದ ವೇತನ ಮಿತಿ 2017ರಿಂದಲೇ 21,000 ಇದೆ. ಪಿಂಚಣಿ ಮಿತಿಯನ್ನೂ 21,000ಕ್ಕೋ 25,000ಕ್ಕೋ ಏರಿಸುವ ಪ್ರಸ್ತಾಪ ವರ್ಷಗಳಿಂದ ಓಡಾಡುತ್ತಿದೆ.

25,000 ಆದರೆ ಪಿಂಚಣಿ ನಿಧಿಗೆ ಹೋಗುವ ಮಾಲೀಕನ ಪಾಲು 1,250ರಿಂದ 2,082ಕ್ಕೆ ಏರುತ್ತದೆ. 35 ವರ್ಷ ಪೂರ್ತಿ ಆ ಮಿತಿಯಲ್ಲಿ ದುಡಿದವರ ಪಿಂಚಣಿ 12,500 ಆಗುತ್ತದೆ. ಆದರೆ 2014ರಂತೆ ಹಳೆಯ ಸೇವೆಗೆ ಹಳೆಯ ಮಿತಿಯನ್ನೇ ಇಟ್ಟರೆ, ಇನ್ನು ಐದಾರು ವರ್ಷದಲ್ಲಿ ನಿವೃತ್ತಿಯಾಗುವವರಿಗೆ ಸಿಗುವ ಲಾಭ ತೀರಾ ಕಡಿಮೆ. ಲಾಭವೆಲ್ಲ ಇಂದಿನ 25ರ ಹರೆಯದವರಿಗೆ. ಜೊತೆಗೆ ಇನ್ನೊಂದು ಅನುಕೂಲವಿದೆ. 2014ರ ಸೆಪ್ಟೆಂಬರ್ ನಂತರ ಮೊದಲ ಬಾರಿಗೆ 15,000ಕ್ಕಿಂತ ಹೆಚ್ಚು ವೇತನಕ್ಕೆ ಸೇರಿದವರು ಪಿಂಚಣಿ ಯೋಜನೆಯ ಹೊರಗೇ ಇದ್ದಾರೆ. ಮಿತಿ ಏರಿದರೆ ಅವರಿಗೂ ಒಳಗೆ ಬರಲು ದಾರಿಯಾಗುತ್ತದೆ.

ಇದಕ್ಕೆ ಬೆಲೆಯೂ ಇದೆ. ಮಿತಿಯವರೆಗೆ ಮಾತ್ರ ಪಿಎಫ್ ಕಟ್ಟುತ್ತಿರುವ, 25,000 ವೇತನದ ಕಾರ್ಮಿಕನ ಕಡಿತ 1,800ರಿಂದ 3,000ಕ್ಕೆ ಹೋಗುತ್ತದೆ. ಕೈಗೆ ಬರುವ ಸಂಬಳದಲ್ಲಿ 1,200 ಕಡಿಮೆ. ಮಾಲೀಕನಿಗೂ ಅಷ್ಟೇ ಹೊರೆ. 40 ಜನರಿರುವ ಸಣ್ಣ ಘಟಕಕ್ಕೆ ಇದು ತಿಂಗಳಿಗೆ 48,000 ರೂಪಾಯಿ. ಇಂಥ ಹೊರೆ ಬಂದಾಗ ಮೂಲ ವೇತನ ಕಡಿಮೆ ತೋರಿಸಿ ಭತ್ಯೆ ಹೆಚ್ಚು ತೋರಿಸುವುದು ಹಳೆಯ ಚಾಳಿ. ಎಲ್ಲರಿಗೂ ಸಮಾನವಾಗಿ ಕೊಡುವ ಭತ್ಯೆಯೂ ಪಿಎಫ್ ಲೆಕ್ಕಕ್ಕೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 28ರಂದು ತೀರ್ಪು ನೀಡಿದ ಮೇಲೆ ಇದಕ್ಕೆ ಕಡಿವಾಣ ಬಿದ್ದಿದೆ, ಪೂರ್ತಿ ನಿಂತಿದೆ ಎನ್ನಲಾಗದು.

ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದಾಗ

ಮುಪ್ಪಿಗೆಂದು ಹಣ ಕೂಡಿಡಿ ಎಂದು ಸರ್ಕಾರ ಹೇಳಿದ ಮಾತ್ರಕ್ಕೆ ಕಾರ್ಮಿಕರು ಒಪ್ಪಬೇಕೆಂದಿಲ್ಲ. ನೌಕರಿ ಬಿಟ್ಟವರು ಮಾಲೀಕನ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮವನ್ನು ಕೇಂದ್ರ 2016ರ ಫೆಬ್ರುವರಿಯಲ್ಲಿ ತಂದಿತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅದರಲ್ಲೂ ಮಹಿಳೆಯರು, ಹೊಸೂರು ರಸ್ತೆ, ತುಮಕೂರು ರಸ್ತೆ ತಡೆದರು. ಹಿಂಸಾಚಾರವೂ ನಡೆಯಿತು. 19ರಂದೇ ಆಗಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ನಿಯಮ ಹಿಂಪಡೆಯುವುದಾಗಿ ಘೋಷಿಸಿದರು.

ಆ ಮಹಿಳೆಯರ ಸಿಟ್ಟಿಗೆ ಕಾರಣವಿತ್ತು. ಮಗಳ ಮದುವೆಗೆ, ಆಸ್ಪತ್ರೆಗೆ, ಕೆಲಸವಿಲ್ಲದ ತಿಂಗಳುಗಳಿಗೆ ಅವರ ಬಳಿ ಇರುವುದು ಆ ಹಣ ಒಂದೇ. ನಿರುದ್ಯೋಗ ಭತ್ಯೆ ಸರಿಯಾಗಿ ಸಿಗದ ದೇಶದಲ್ಲಿ ಪಿಎಫ್ ಖಾತೆಯೇ ಆಪದ್ಧನ. ಜಪಾನ್‌ನ ಲೆಕ್ಕವನ್ನು ಹಾಗೆಯೇ ಇಲ್ಲಿಗೆ ತರಲಾಗದಿರುವುದು ಈ ಕಾರಣಕ್ಕೆ. 2025ರ ಅಕ್ಟೋಬರ್ 13ರಂದು ಇಪಿಎಫ್‌ಒ ಕೇಂದ್ರ ಮಂಡಳಿ, ಖಾತೆಯಲ್ಲಿ ಶೇ 25ರಷ್ಟು ಹಣ ಉಳಿಸಲೇಬೇಕು, ಪಿಂಚಣಿ ಹಣ ವಾಪಸ್ ಪಡೆಯಲು 2 ತಿಂಗಳ ಬದಲು 36 ತಿಂಗಳು ಕಾಯಬೇಕು ಎಂದು ತೀರ್ಮಾನಿಸಿದಾಗಲೂ ಇದೇ ಆಕ್ಷೇಪ ಕೇಳಿಬಂತು.

ಹತ್ತು ವರ್ಷದ ಗೆರೆ

ಎಂಐಡಿಸಿ ಕಾರ್ಮಿಕನ ಮಟ್ಟಿಗೆ ದರ, ಮಿತಿ ಎರಡಕ್ಕಿಂತ ಮೊದಲ ಅಡ್ಡಿ ಸೇವೆಯ ಕೊಂಡಿ ಕಳಚುವುದು. ಮಾಸಿಕ ಪಿಂಚಣಿಗೆ ಕನಿಷ್ಠ 10 ವರ್ಷ ಸೇವೆ ಬೇಕು. ಗುತ್ತಿಗೆದಾರ ಬದಲಾದಾಗ, ಕಾರ್ಖಾನೆ ಮುಚ್ಚಿದಾಗ ಪಿಂಚಣಿ ಹಣವನ್ನೂ ತೆಗೆದುಕೊಂಡರೆ ಆ ವರ್ಷಗಳು ಲೆಕ್ಕದಿಂದ ಹೋಗುತ್ತವೆ. ಮೂರು ಕಡೆ ಮೂರು ಮೂರು ವರ್ಷ ದುಡಿದು ಪ್ರತಿ ಸಲ ಹಣ ಪಡೆದವನಿಗೆ ಕೊನೆಗೆ ಪಿಂಚಣಿಯೇ ಇಲ್ಲ. ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಪಡೆದರೆ, ಅಥವಾ ಹಳೆಯ ಖಾತೆಯನ್ನು ಅದೇ ಯುಎಎನ್ ಸಂಖ್ಯೆಗೆ ವರ್ಗಾಯಿಸಿಕೊಂಡರೆ ಸೇವೆ ಕೂಡಿಕೊಳ್ಳುತ್ತದೆ. ಅಪಾಯಕಾರಿ ರಾಸಾಯನಿಕ ಘಟಕಗಳನ್ನು ಡೊಂಬಿವಲಿಯಿಂದ ಪಾತಾಳಗಂಗಾಕ್ಕೆ ಸ್ಥಳಾಂತರಿಸುವ ಮಾತು ನಡೆದಿರುವಾಗ, ಕೆಲಸ ಬದಲಿಸಬೇಕಾದವರು ಇದನ್ನು ತಿಳಿದಿರಬೇಕು.

ಗುತ್ತಿಗೆ ಕಾರ್ಮಿಕರ ಪಿಎಫ್ ಕಟ್ಟುವುದು ಗುತ್ತಿಗೆದಾರನ ಕೆಲಸವಾದರೂ ಅವನು ತಪ್ಪಿಸಿದರೆ ಹೊಣೆ ಮೂಲ ಕಾರ್ಖಾನೆಯದ್ದೇ. ಡೊಂಬಿವಲಿಯಲ್ಲಿ ಈ ಮಾತಿಗೆ ಬೇರೆಯೇ ತೂಕವಿದೆ. 2016ರ ಮೇ 26ರ ಸ್ಫೋಟದಲ್ಲಿ 12 ಮಂದಿ, 2024ರ ಮೇ 23ರ ಸ್ಫೋಟದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಇಲ್ಲಿ ಸತ್ತರು. ಸೇವೆಯಲ್ಲಿರುವಾಗ ಸತ್ತರೆ ಹತ್ತು ವರ್ಷದ ನಿಯಮವಿಲ್ಲ. ಒಂದು ತಿಂಗಳ ವಂತಿಗೆ ಬಿದ್ದಿದ್ದರೂ ಪತ್ನಿಗೆ ಪಿಂಚಣಿ, ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ಆ ಪಿಂಚಣಿಯ ಶೇ 25ರಂತೆ, ಜೊತೆಗೆ ಇಡಿಎಲ್‌ಐ ವಿಮೆಯಿಂದ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ ಇದನ್ನೆಲ್ಲ ಕೇಳುವುದಕ್ಕೇ ಕುಟುಂಬ ಒದ್ದಾಡಬೇಕಾಗುತ್ತದೆ.

ಇಪ್ಪತ್ತಕ್ಕಿಂತ ಕಡಿಮೆ ಜನರಿರುವ ಹೋಟೆಲ್, ಅಂಗಡಿಗಳಿಗೆ ಪಿಎಫ್ ಕಡ್ಡಾಯವಲ್ಲ. ಕಲ್ಯಾಣ್, ಡೊಂಬಿವಲಿ, ನವಿ ಮುಂಬೈಗಳ ಸಣ್ಣ ಹೋಟೆಲ್‌ಗಳಲ್ಲಿರುವ ಹುಡುಗರಿಗೆ ಉಳಿದಿರುವುದು ಅಟಲ್ ಪಿಂಚಣಿ ಯೋಜನೆ ಅಥವಾ ಪ್ರಧಾನಮಂತ್ರಿ ಶ್ರಮಯೋಗಿ ಮಾನ್‌ಧನ್. ಎರಡಕ್ಕೂ ಸೇರಲು ವಯಸ್ಸು 18ರಿಂದ 40. ಎರಡನೆಯದರಲ್ಲಿ 60ರ ನಂತರ ತಿಂಗಳಿಗೆ 3,000 ರೂಪಾಯಿ. ಕಾರ್ಮಿಕ ಕಟ್ಟುವಷ್ಟನ್ನೇ ಕೇಂದ್ರವೂ ಕಟ್ಟುತ್ತದೆ.

ನಿವೃತ್ತಿಯಾಗಿ ಊರಿಗೆ ಮರಳುವವರಿಗೆ ಒಂದು ತೊಂದರೆ ತಪ್ಪಿದೆ. ಮೊದಲು ಡೊಂಬಿವಲಿಯಿಂದ ಉಡುಪಿಗೋ ವಿಜಯಪುರಕ್ಕೋ ಹೋದರೆ ಪಿಂಚಣಿ ಆದೇಶವನ್ನು ಒಂದು ಕಚೇರಿಯಿಂದ ಇನ್ನೊಂದಕ್ಕೆ ವರ್ಗಾಯಿಸಲು ತಿಂಗಳುಗಟ್ಟಲೆ ಕಾಯಬೇಕಿತ್ತು. 2025ರ ಜನವರಿ 1ರಿಂದ ಕೇಂದ್ರೀಕೃತ ಪಾವತಿ ವ್ಯವಸ್ಥೆ ಪೂರ್ತಿಯಾಗಿ ಜಾರಿಯಾಗಿದ್ದು, ದೇಶದ ಯಾವುದೇ ಬ್ಯಾಂಕಿನ ಯಾವುದೇ ಶಾಖೆಯ ಖಾತೆಗೆ ಹಣ ಬರುತ್ತದೆ. ಜೀವಿತ ಪ್ರಮಾಣಪತ್ರವನ್ನು ನವೆಂಬರ್‌ನಲ್ಲೇ ಕೊಡಬೇಕೆಂದಿಲ್ಲ. ವರ್ಷದ ಯಾವ ದಿನ ಕೊಟ್ಟರೂ ಅಲ್ಲಿಂದ ಒಂದು ವರ್ಷ ಅದಕ್ಕೆ ಮಾನ್ಯತೆ ಇರುತ್ತದೆ.