ಪ್ರವಾಸಿಗಳ ಕುಶಲವಾರ್ತೆ: ಅಂದು, ಇಂದು

ಊರನ್ನು ಬಿಟ್ಟು ದೂರದೇಶವನ್ನು ಸೇರಿದವನು ಮನೆಯವರೊಡನೆ ಆಡುವ ಮೊದಲನೆಯ ಮಾತು ಯಾವುದು? ಕಾಳಿದಾಸನ ಮೇಘದೂತದಲ್ಲಿ ರಾಮಗಿರಿಯ ಯಕ್ಷನು ಅಲಕಾಪುರಿಯ ಮಡದಿಗೆ ಹೇಳಿಕಳುಹಿದ ಸಂದೇಶವು, ತಾನು ಜೀವಿಸಿರುವೆನೆಂಬ ಸುದ್ದಿಯಿಂದಲೂ ಅವಳ ಕುಶಲಪ್ರಶ್ನೆಯಿಂದಲೂ ಮೊದಲಾಗುತ್ತದೆ. ಇಂದು ಪರದೇಶದಲ್ಲಿ ವಿಮಾನದಿಂದಿಳಿದ ನಮ್ಮ ಕುಷ್ಟಗಿಯ ಅಥವಾ ಯಲಬುರ್ಗೆಯ ತರುಣನು ಮೊಬೈಲನ್ನು ಕಿವಿಗಿಟ್ಟು, “ಅವ್ವಾ, ಆರಾಮ ಬಂದು ಮುಟ್ಟೀನಿ. ನೀವೆಲ್ಲಾ ಆರಾಮ ಅದೀರೇನು?” ಎನ್ನುವುದೂ ಅದೇ ಮಾತು. ಸಾಧನವು ಹೊಸದು, ಮಾತು ಬಹು ಹಳೆಯದು. ಎಷ್ಟು ಹಳೆಯದೆಂಬುದಕ್ಕೆ ನಮ್ಮ ಸೀಮೆಯ ಬಂಡೆಗಳೇ ಸಾಕ್ಷಿ.

ಕೊಪ್ಪಳದ ಗವಿಮಠದ ಬೆಟ್ಟದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕ ಚಕ್ರವರ್ತಿಯ ಕಿರು ಶಿಲಾಶಾಸನಗಳಿರುವುದು 1931ರಲ್ಲಿ ಬೆಳಕಿಗೆ ಬಂದಿತು. ಪಾಲ್ಕಿಗುಂಡಿನ ಬರಹವು ಬಹುಮಟ್ಟಿಗೆ ಸವೆದುಹೋಗಿದೆ. ಗವಿಮಠದ್ದು ಚೆನ್ನಾಗಿ ಉಳಿದಿದೆ. ಧರ್ಮದ ವಿಷಯದಲ್ಲಿ ಸಣ್ಣವರೂ ದೊಡ್ಡವರೂ ಪ್ರಯತ್ನಪಡಲಿ, ಗಡಿಯಾಚೆಯವರೂ ಇದನ್ನು ಅರಿಯಲಿ, ಈ ಪ್ರಯತ್ನವು ಚಿರಕಾಲ ನಿಲ್ಲಲಿ ಎಂಬುದು ಅದರ ಸಾರ. ಇದೇ ಶಾಸನದ ಪ್ರತಿಗಳು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಮಧ್ಯಪ್ರದೇಶದ ರೂಪನಾಥ ಮೊದಲಾದೆಡೆಗಳಲ್ಲಿಯೂ ಇವೆ. ಆ ಎರಡು ಪ್ರತಿಗಳಲ್ಲಿ 256 ಎಂಬ ಅಂಕಿಯೊಂದುಂಟು. ಅರಸನು 256 ರಾತ್ರಿಗಳನ್ನು ಪ್ರವಾಸದಲ್ಲಿ ಕಳೆದಿದ್ದಾಗ ಈ ಘೋಷಣೆಯನ್ನು ಹೊರಡಿಸಿದನೆಂದು ಅನೇಕ ವಿದ್ವಾಂಸರು ಇದಕ್ಕೆ ಅರ್ಥಮಾಡಿದ್ದಾರೆ. ಹಾಗಾದರೆ ಕೊಪ್ಪಳದ ಬಂಡೆಯ ಮೇಲಿರುವುದು, ಮನೆಬಿಟ್ಟು ಸಂಚರಿಸುತ್ತಿದ್ದ ದೊರೆಯೊಬ್ಬನು ತನ್ನ ಪ್ರಜೆಗಳಿಗೆ ಕಳುಹಿದ ಸಂದೇಶವೇ ಸರಿ.

ಆ ಸಂದೇಶವು ಮುಟ್ಟಿದ ಬಗೆಯು ಬ್ರಹ್ಮಗಿರಿಯ ಪ್ರತಿಯಿಂದ ತಿಳಿಯುತ್ತದೆ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಮೊದಲು ಆರೋಗ್ಯವನ್ನು ಹೇಳಿಸಿ, ಬಳಿಕ ರಾಜಾಜ್ಞೆಯನ್ನು ತಿಳಿಸಿದ್ದಾರೆ. ಕರ್ನಾಟಕದಲ್ಲಿ ದೊರೆತ ಅತಿ ಪ್ರಾಚೀನ ಬರಹಗಳಲ್ಲಿ ಒಂದಾದ ಇದು ಕುಶಲಪ್ರಶ್ನೆಯಿಂದಲೇ ಆರಂಭವಾಗುವುದು ಎಷ್ಟು ಸೊಗಸು! ಈ ಸುವರ್ಣಗಿರಿಯು ಗಂಗಾವತಿಯ ಸಮೀಪದ ಕನಕಗಿರಿಯೇ ಎಂದು ಕೆಲವರ ಮತ. ಸುವರ್ಣವೆಂದರೂ ಕನಕವೆಂದರೂ ಬಂಗಾರವೇ ಅಲ್ಲವೆ? ಮಸ್ಕಿಯೆಂದೂ ಆಂಧ್ರದ ಜೊನ್ನಗಿರಿಯೆಂದೂ ಹೇಳುವವರೂ ಇದ್ದಾರೆ.

ಅರಸನಿಂದ ಸುವರ್ಣಗಿರಿಗೆ, ಅಲ್ಲಿಂದ ಇಸಿಲಕ್ಕೆ: ಈ ಕೈಬದಲಿನ ಕ್ರಮವು ಇಂದಿನ ಮೊಬೈಲಿನಲ್ಲಿಯೂ ಉಂಟು. ಪರದೇಶದಲ್ಲಿ ಮೊಬೈಲನ್ನು ತೆರೆದೊಡನೆ ಅಲ್ಲಿಯ ಕಂಪನಿಯು ನಮ್ಮ ದೇಶದ ಕಂಪನಿಯನ್ನು ವಿಚಾರಿಸುತ್ತದೆ. ನಮ್ಮ ಕಂಪನಿಯು ಚಂದಾದಾರನು ಇಂಥಲ್ಲಿ ಇರುವನೆಂದು ದಾಖಲೆಮಾಡಿಕೊಳ್ಳುತ್ತದೆ. ಊರಿನಿಂದ ತಾಯಿಯು ಕರೆಮಾಡಿದರೆ, ಕರೆಯು ಮೊದಲು ಆ ದಾಖಲೆಯನ್ನು ಕೇಳಿಕೊಂಡು ಬಳಿಕ ಸಮುದ್ರವನ್ನು ದಾಟುತ್ತದೆ. ಇದಕ್ಕೆ ರೋಮಿಂಗ್ ಎಂದು ಹೆಸರು. ಕರೆಯನ್ನು ಸ್ವೀಕರಿಸಿದವನಿಗೂ ಇದರಲ್ಲಿ ಖರ್ಚು ಬೀಳುವುದುಂಟು. ಆದುದರಿಂದಲೇ ಬಹುಜನರು ಇಂಟರ್ನೆಟ್ಟಿನ ಮೂಲಕ ವಾಟ್ಸಾಪಿನಲ್ಲಿ ಮಾತನಾಡುತ್ತಾರೆ.

ಈ ಎರಡು ಕಾಲಗಳ ನಡುವಿನ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1870ರಲ್ಲಿ ಮುಂಬಯಿಯಿಂದ ಏಡನ್ನಿನ ಮಾರ್ಗವಾಗಿ ಸಮುದ್ರದಡಿಯ ತಂತಿಯು ಇಂಗ್ಲೆಂಡಿನೊಡನೆ ಕೂಡಿತು. ತಂತಿಯ ಮಾತಿಗೆ ಪದವೊಂದಕ್ಕೆ ಇಷ್ಟೆಂದು ಹಣ ತೆರಬೇಕಾಗಿತ್ತು. ಆದುದರಿಂದ ಅಪಾಯದ ಸುದ್ದಿಗಲ್ಲದೆ ಕುಶಲಕ್ಕೆ ಅದು ಒದಗುತ್ತಿರಲಿಲ್ಲ. ‘ತಾರು ಬಂದಿದೆ’ ಎಂದರೆ ಓದುವುದಕ್ಕೆ ಮೊದಲೇ ಮನೆಯಲ್ಲಿ ಅಳು ಏಳುತ್ತಿತ್ತು. 1995ರ ಜುಲೈ 31ರಂದು ಕಲ್ಕತ್ತೆಗೂ ದಿಲ್ಲಿಗೂ ನಡುವೆ ಭಾರತದ ಮೊದಲನೆಯ ಮೊಬೈಲ್ ಕರೆಯು ನಡೆಯಿತು. 2013ರ ಜುಲೈಯಲ್ಲಿ ತಂತಿಯ ಸೇವೆಯು ನಿಂತುಹೋಯಿತು. ದೂರದ ಸುದ್ದಿಯೆಂದರೆ ಬೆದರುತ್ತಿದ್ದ ಮನೆಗಳಲ್ಲಿ ಇಂದು ನಿತ್ಯವೂ ನಗುಮುಖಗಳು ಕಾಣುತ್ತಿವೆ. ಇದು ಸಣ್ಣ ಉಪಕಾರವಲ್ಲ.

ಆದರೂ ಇತಿಹಾಸವು ಒಂದು ಎಚ್ಚರಿಕೆಯನ್ನು ಹೇಳುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜಶಹಾ ತುಘಲಕನು ಅಶೋಕನ ಸ್ತಂಭಗಳನ್ನು ದಿಲ್ಲಿಗೆ ತರಿಸಿದಾಗ, ಅವುಗಳ ಮೇಲಿನ ಬರಹವನ್ನು ಓದಬಲ್ಲ ಪಂಡಿತನೊಬ್ಬನೂ ಸಿಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮೀಲಿಪಿಯನ್ನು ಬಿಡಿಸಿದ ಮೇಲೆಯೇ ಕಲ್ಲುಗಳು ಪುನಃ ಮಾತನಾಡಿದವು. ಕಲ್ಲು ನಿಂತಿತ್ತು, ಅಕ್ಷರ ನಿಂತಿತ್ತು, ಓದುವವನು ಇರಲಿಲ್ಲ. ಸಂಬಂಧವು ಕಡಿದದ್ದು ಅಲ್ಲಿ.

ಪಾಠಶಾಲೆಯಲ್ಲಿ ಓದಿದ ನನಗೆ ಆ ಪಂಡಿತರ ಸಂಕಟವು ಮನೆಯಲ್ಲಿಯೇ ಅರಿವಾಯಿತು. ಪರದೇಶದಲ್ಲಿರುವ ನನ್ನ ಮೊಮ್ಮಗಳಿಗೆ ‘ಕ್ಷೇಮವೆ?’ ಎಂದು ಮೊಬೈಲಿನಲ್ಲಿ ಬರೆದು ಕಳುಹಿದೆನು. ಅವಳು ಅದನ್ನು ತಂದೆಯಿಂದ ಓದಿಸಿಕೊಂಡಳು! ಅಜ್ಜನ ಮುಖವನ್ನು ನಿತ್ಯವೂ ಕಾಣುವವಳಿಗೆ ಅಜ್ಜನ ಅಕ್ಷರವು ಬ್ರಾಹ್ಮಿಯಾಗಿತ್ತು. ಅಂದಿನಿಂದ ಅದೇ ಮೊಬೈಲಿನಲ್ಲಿ ದಿನಕ್ಕೊಂದು ಅಕ್ಷರದಂತೆ ಪಾಠವನ್ನು ಆರಂಭಿಸಿದೆನು. ಮೊನ್ನೆ ಅವಳಿಂದ ಉತ್ತರ ಬಂದಿತು: ‘ಅಜ್ಜಾ, ಶೇಮ.’

ಕ್ಷಕಾರವು ತಪ್ಪಿತ್ತು, ಸಂದೇಶವು ಮುಟ್ಟಿತ್ತು.