ಹಗಲು ಹೋಟೆಲ್, ರಾತ್ರಿ ಮೆಟ್ರಿಕ್

ಮುಂಬಯಿ ಕನ್ನಡಿಗರ ಯಾವ ಸಭೆಗೆ ಹೋಗಿ ಕುಳಿತರೂ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಸನ್ಮಾನದ ಶಾಲು ಹೊದ್ದು ಮೈಕಿನ ಮುಂದೆ ನಿಂತು, ‘ನಾನು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದವನು’ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಕಾರ್ಯಕ್ರಮ ಮುಗಿದು ಚಹಾ ಕುಡಿಯುವ ಹೊತ್ತಿಗೆ ಅದೇ ಜನರ ಮಾತು ಬೇರೆ ದಾರಿ ಹಿಡಿಯುತ್ತದೆ. ಮೊಮ್ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ, ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚಿದವು, ಈಗಿನವರಿಗೆ ಕೈಯಲ್ಲೊಂದು ಫೋನಿದ್ದರೆ ಬೇರೇನೂ ಬೇಡ. ವೇದಿಕೆಯ ಮೇಲಿನ ಹೆಮ್ಮೆಗೂ ಚಹಾದ ಹೊತ್ತಿನ ಕೊರಗಿಗೂ ನಡುವೆ ಒಂದು ಚರಿತ್ರೆಯಿದೆ. ರಾತ್ರಿ ಶಾಲೆಗಳು ಯಾಕೆ ಹುಟ್ಟಿದವು, ಯಾವ ಬಲದ ಮೇಲೆ ನಡೆದವು, ಯಾಕೆ ಖಾಲಿಯಾದವು? ಕೊನೆಯ ಪ್ರಶ್ನೆಗೆ ‘ಅಭಿಮಾನ ಕಡಿಮೆಯಾಯಿತು’ ಎಂಬ ಸಿದ್ಧ ಉತ್ತರವಿದೆ. ನನಗೆ ಅದು ಒಪ್ಪಿಗೆಯಿಲ್ಲ.

ರಾತ್ರಿ ಶಾಲೆ ಕನ್ನಡಿಗರು ಕಂಡುಹಿಡಿದದ್ದೇನಲ್ಲ. ಜೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ದಂಪತಿ 1855ರಲ್ಲೇ ಪುಣೆಯಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದಿದ್ದರು. ಮುಂಬಯಿಯಲ್ಲಿ ಎನ್.ಎಂ. ಜೋಶಿಯವರು 1911ರಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕಾರ್ಮಿಕರ ವಠಾರಗಳಲ್ಲಿ ರಾತ್ರಿ ಶಾಲೆ, ವಾಚನಾಲಯಗಳನ್ನು ನಡೆಸಿತು. ಕರಾವಳಿಯಿಂದ ಹಡಗು ಹತ್ತಿ ಬಂದಿಳಿದವರು ಈ ಗಾಳಿಯನ್ನೇ ಉಸಿರಾಡಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಬಂಟರ ಸಂಘ 1927ರಲ್ಲಿ, ಬಿಲ್ಲವರ ಅಸೋಸಿಯೇಷನ್ 1932ರಲ್ಲಿ. ಮೊಗವೀರರ ರಾತ್ರಿ ಶಾಲೆ, ಬಿಲ್ಲವರ ಗುರುನಾರಾಯಣ ರಾತ್ರಿ ಪ್ರೌಢಶಾಲೆ, ಬಂಟರ ಸಂಘದ ರಾತ್ರಿ ಶಾಲೆ, ಹೀಗೆ ಸಂಘವಿದ್ದಲ್ಲಿ ಶಾಲೆಯ ಯೋಚನೆಯೂ ಇತ್ತು. ಜಾತಿ ಸಂಘಗಳೆಂದರೆ ಮೂಗು ಮುರಿಯುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ, ಅದಕ್ಕೆ ಕಾರಣವೂ ಇಲ್ಲದಿಲ್ಲ. ಆದರೆ ಊರಿನಲ್ಲಿ ಶಾಲೆಯ ಜಗಲಿ ಹತ್ತುವುದೇ ಕಷ್ಟವಾಗಿದ್ದ ಸಮುದಾಯಗಳು ಪರವೂರಿಗೆ ಬಂದು ಮೊದಲು ಕಟ್ಟಿದವುಗಳಲ್ಲಿ ಶಾಲೆಯೂ ಸೇರಿತ್ತು ಎಂಬುದನ್ನು ಮರೆಯಬಾರದು.

ಇಲ್ಲಿ ಒಂದು ಸೂಕ್ಷ್ಮವಿದೆ. ಈ ಹುಡುಗರಲ್ಲಿ ಹೆಚ್ಚಿನವರ ಮನೆಮಾತು ಕನ್ನಡವಲ್ಲ. ತುಳು, ಇಲ್ಲವೆ ಕೊಂಕಣಿ. ಹೋಟೆಲಿನ ಒಳಗೆ ತುಳು, ಗಿರಾಕಿಯೊಡನೆ ಮುಂಬಯಿ ಹಿಂದಿ, ತರಕಾರಿಯವನೊಡನೆ ಮರಾಠಿ. ಕನ್ನಡ ಅವರಿಗೆ ಊರಿನ ಶಾಲೆಯಲ್ಲಿ ನಾಲ್ಕೋ ಐದೋ ಕ್ಲಾಸು ಓದಿ ಅರ್ಧಕ್ಕೆ ಬಿಟ್ಟುಬಂದ ಅಕ್ಷರದ ಭಾಷೆ. ಮನೆಗೆ ಕಾಗದ ಬರೆಯುವ ಭಾಷೆ. ಮನಿ ಆರ್ಡರ್ ಫಾರಮಿನ ತುದಿಯ ಅಂಗೈಯಗಲದ ಜಾಗದಲ್ಲಿ ‘ಕ್ಷೇಮ, ಹಣ ತಲುಪಿದ್ದಕ್ಕೆ ಬರೆಯಿರಿ’ ಎಂದು ಬರೆಯಲು ಬೇಕಾದ ಭಾಷೆ. ರಾತ್ರಿ ಶಾಲೆ ಆ ಬಿಟ್ಟ ದಾರವನ್ನು ಎತ್ತಿಕೊಟ್ಟಿತು. ಹೊಸ ಭಾಷೆಯಲ್ಲಿ ಒಂದರಿಂದ ಶುರುಮಾಡಬೇಕಾದ ಗೋಜಿಲ್ಲದೆ, ನಿಂತಲ್ಲಿಂದ ಮುಂದಕ್ಕೆ ಹೋಗುವ ಅನುಕೂಲ. ಕನ್ನಡ ಮಾಧ್ಯಮ ಅಲ್ಲಿಗೆ ಬಂದದ್ದು ಅಭಿಮಾನಕ್ಕಿಂತ ಹೆಚ್ಚಾಗಿ ಈ ಕಾರಣಕ್ಕೆ.

ಮುಂಬಯಿಯಲ್ಲಿ ಕನ್ನಡದಲ್ಲಿ ಪರೀಕ್ಷೆ ಬರೆಯುವುದು ಹೇಗೆ ಸಾಧ್ಯವಾಯಿತು ಎಂದು ನೀವು ಕೇಳಬಹುದು. 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲೇ ಇದ್ದವು. ಕನ್ನಡ ಆ ಪ್ರಾಂತದ ಭಾಷೆಗಳಲ್ಲೊಂದು, ಅದರ ಪಠ್ಯಪುಸ್ತಕ, ಪರೀಕ್ಷಕರು ಎಲ್ಲರೂ ಒಂದೇ ಆಡಳಿತದೊಳಗೆ ಸಿಗುತ್ತಿದ್ದರು. ತಮಾಷೆಯೆಂದರೆ ಈ ಶಾಲೆಗಳನ್ನು ತುಂಬಿದ ದಕ್ಷಿಣ ಕನ್ನಡದ ಹುಡುಗರು ಬಂದದ್ದು ಮದರಾಸು ಪ್ರಾಂತದಿಂದ. ಧಾರವಾಡಕ್ಕಾಗಿ ಇದ್ದ ಏರ್ಪಾಟು ಉಡುಪಿಯವರ ಕೈಹಿಡಿಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯವಾದಾಗ ಕನ್ನಡ ಅಲ್ಪಸಂಖ್ಯಾತರ ಭಾಷೆಯಾಯಿತು, ಆದರೂ ದಾರಿ ಮುಚ್ಚಲಿಲ್ಲ. 1967ರಲ್ಲಿ ಆರಂಭವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ‘ಬಾಲಭಾರತಿ’ ಮರಾಠಿಯ ಜೊತೆಗೆ ಕನ್ನಡದಲ್ಲೂ ಪುಸ್ತಕ ಮುದ್ರಿಸುತ್ತ ಬಂದಿದೆ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡ ಅವುಗಳಲ್ಲೊಂದು. ಗಡಿ ಜಗಳದ ಸುದ್ದಿ ಓದಿ ಕಾವೇರುವವರು ಈ ಸಂಗತಿಯನ್ನೂ ಒಂದು ಕಡೆ ಬರೆದಿಟ್ಟುಕೊಳ್ಳಬೇಕು.

ಇನ್ನು ಶಾಲೆ ನಡೆಯುತ್ತಿದ್ದ ಬಗೆ. ಹಲವು ರಾತ್ರಿ ಶಾಲೆಗಳಿಗೆ ಸ್ವಂತ ಕಟ್ಟಡವಿರಲಿಲ್ಲ. ಹಗಲಿನ ಮಕ್ಕಳು ಹೋದ ಮೇಲೆ ಅದೇ ಕೋಣೆ, ಅದೇ ಬೆಂಚು. ಎಂಟು ವರ್ಷದ ಮಗುವಿನ ಅಳತೆಗೆ ಮಾಡಿದ ಬೆಂಚಿನಲ್ಲಿ ಇಪ್ಪತ್ತು ವರ್ಷದ ಸಪ್ಲೈಯರ್ ಮೊಣಕಾಲು ಮಡಚಿ ಕೂರಬೇಕು. ಸಂಜೆ ಆರೂವರೆಯ ಸುಮಾರಿಗೆ ಶುರುವಾಗಿ ಒಂಬತ್ತೂವರೆಯವರೆಗೆ ತರಗತಿ. ಮೇಷ್ಟ್ರುಗಳಲ್ಲಿ ಬಹುಮಂದಿ ಹಗಲು ಬೇರೆ ಶಾಲೆಯಲ್ಲೋ ಕಚೇರಿಯಲ್ಲೋ ದುಡಿದು ಬಂದವರು. ದಣಿದವರು ದಣಿದವರಿಗೆ ಪಾಠ ಹೇಳುವುದು. ಹಗಲಿನ ಆರು ಗಂಟೆಯ ಪಾಠವನ್ನು ಮೂರು ಗಂಟೆಯಲ್ಲಿ ಮುಗಿಸಬೇಕು, ಬೋರ್ಡಿನ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಗಣಿತ ಮತ್ತು ಇಂಗ್ಲಿಷ್ ಎಂಬ ಎರಡು ಗೋಡೆಗಳಿಗೆ ತಲೆ ಚಚ್ಚಿಕೊಂಡು ಅಲ್ಲೇ ನಿಂತವರು ಎಷ್ಟೋ ಮಂದಿ. ಅವರು ಸನ್ಮಾನದ ವೇದಿಕೆಗೆ ಬರುವುದಿಲ್ಲ, ಹಾಗಾಗಿ ನಮಗೆ ಕೇಳಿಸುವುದು ಗೆದ್ದವರ ಕಥೆ ಮಾತ್ರ.

ಫೋರ್ಟ್ ಪ್ರದೇಶ ಈ ಶಾಲೆಗಳಿಗೆ ಯಾಕೆ ಒಗ್ಗಿತು ಎಂಬುದಕ್ಕೆ ಗಡಿಯಾರದಲ್ಲಿ ಉತ್ತರವಿದೆ. ಅಲ್ಲಿನ ಹೋಟೆಲುಗಳ ಗಿರಾಕಿಗಳೆಂದರೆ ಬ್ಯಾಂಕು, ಹಡಗು ಕಂಪನಿ, ಕೋರ್ಟಿನ ಗುಮಾಸ್ತರು. ಆರು ಗಂಟೆಗೆ ಅವರೆಲ್ಲ ಚರ್ಚ್‌ಗೇಟಿಗೋ ವಿಕ್ಟೋರಿಯಾ ಟರ್ಮಿನಸ್ಸಿಗೋ ಓಡಿದರೆ ಬೀದಿ ಭಣಗುಡುತ್ತದೆ, ಹೋಟೆಲಿನಲ್ಲೂ ಕೈ ಖಾಲಿ. ಅದೇ ಮಾಟುಂಗಾದಲ್ಲೋ ಗಿರಗಾಂವಿನಲ್ಲೋ ಇದ್ದ ಹುಡುಗನಿಗೆ ಸಂಜೆಯೇ ಸುಗ್ಗಿಯ ಹೊತ್ತು, ಬಿಡಿಸಿಕೊಂಡು ಹೋಗುವುದು ಕಷ್ಟ. ‘ಕೆಲಸ ಎಲ್ಲಿ’ ಎಂಬುದರ ಮೇಲೆ ‘ಓದು ಸಾಧ್ಯವೇ’ ಎಂಬುದು ನಿಂತಿತ್ತು.

ಮಾಲೀಕನ ಮರ್ಜಿಯೂ ಬೇಕಿತ್ತು. ರಾತ್ರಿ ಶಾಲೆಗೆ ಫೀಸು ಕಟ್ಟಿ ಕಳಿಸಿದ ಮಾಲೀಕರ ಕಥೆಗಳು ಬೇಕಾದಷ್ಟಿವೆ, ಅವು ಸುಳ್ಳಲ್ಲ. ಹಲವು ಮಾಲೀಕರು ಸ್ವತಃ ಹುಡುಗರಾಗಿ ಬಂದು ಅಡಿಗೆಮನೆಯಲ್ಲಿ ಬೆಂದವರು. ಕಾರ್ಕಳದ ಕಡೆಯಿಂದ ಬಂದ ಎ. ರಾಮ ನಾಯಕ್ 1942ರಲ್ಲಿ ಮಾಟುಂಗಾ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು ಇಂಥ ಬಾಳಿನ ಒಂದು ತುದಿ. ಆದರೆ ಒಬ್ಬೊಬ್ಬರ ಔದಾರ್ಯದಿಂದ ಒಂದು ತಲೆಮಾರು ಓದಲಾರದು. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ಹೋಟೆಲ್ ಕೆಲಸಗಾರರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ಕಾಗದದ ಮೇಲಿನ ಒಂಬತ್ತು ಗಂಟೆ ಅಡಿಗೆಮನೆಗೆ ಇಳಿಯಲು ಜಗಳ ಬೇಕಾಯಿತು. 1949ರಲ್ಲಿ ಮಂಗಳೂರಿನಿಂದ ಬಂದು ಚೌಪಾಟಿಯಲ್ಲಿ ಮಲಗೆದ್ದ ಜಾರ್ಜ್ ಫರ್ನಾಂಡಿಸ್ ಮುಂಬಯಿಯಲ್ಲಿ ಸಂಘಟಿಸಿದವರಲ್ಲಿ ಈ ಹೋಟೆಲ್ ಕಾರ್ಮಿಕರೂ ಇದ್ದರು. 1967ರಲ್ಲಿ ಅವರು ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ ಕಥೆ ಎಲ್ಲರಿಗೂ ಗೊತ್ತು. ಸಂಜೆಯ ಮೂರು ಗಂಟೆ ಹುಡುಗನ ಕೈಗೆ ಸಿಗುವುದರಲ್ಲಿ ಕಾರ್ಮಿಕ ಸಂಘಗಳ ಪಾಲೂ ಇತ್ತು ಎಂದು ಶಾಲೆಗಳ ಸ್ಮರಣ ಸಂಚಿಕೆಗಳು ಹೇಳುವುದು ಅಪರೂಪ. ದಾನಿಗಳ ಫೋಟೋ ಹಾಕಿದಷ್ಟು ಸುಲಭವಲ್ಲ ಅದು.

ಮೆಟ್ರಿಕ್ ಪಾಸಾದರೆ ಮುಂದೇನು? ಇಲ್ಲಿ ಯಂತ್ರವೊಂದು ಕಥೆಯೊಳಗೆ ಬರುತ್ತದೆ. ಬರಿಯ ಎಸ್.ಎಸ್.ಸಿ. ಸರ್ಟಿಫಿಕೇಟು ಹೋಟೆಲಿನಿಂದ ಹೊರಗೆ ತಂದರೂ ಕಚೇರಿಯ ಕುರ್ಚಿಯವರೆಗೆ ತಲುಪಿಸುತ್ತಿರಲಿಲ್ಲ. ತಲುಪಿಸಿದ್ದು ಟೈಪ್‌ರೈಟರ್. ಎರಡನೇ ಮಹಡಿಯ ಇಕ್ಕಟ್ಟು ಕೋಣೆಯಲ್ಲಿ ಸಾಲು ಮೇಜು, ಪ್ರತಿ ಮೇಜಿಗೂ ಒಂದು ಹಳೆಯ ರೆಮಿಂಗ್ಟನ್. ಎ, ಎಸ್, ಡಿ, ಎಫ್ ಎಂದು ಎಡಗೈ ಬೆರಳುಗಳನ್ನು ವಾರಗಟ್ಟಲೆ ಒಂದೇ ಸಾಲಿನಲ್ಲಿ ಕುಣಿಸುವುದು. ತಟ್ಟೆ ಲೋಟ ಎತ್ತಿ, ಸೋಡಾ ಹಾಕಿದ ನೀರಿನಲ್ಲಿ ನೆನೆದು ಒಡೆದ ಬೆರಳುಗಳು ಅವು. ನಿಮಿಷಕ್ಕೆ 30 ಶಬ್ದದ ಪರೀಕ್ಷೆ, ಆಮೇಲೆ 40. ಸಾಮರ್ಥ್ಯವಿದ್ದವರಿಗೆ ಪಿಟ್ಮನ್ ಶಾರ್ಟ್‌ಹ್ಯಾಂಡ್. 1955ರಿಂದ ಗೋದ್ರೆಜ್ ಕಂಪನಿ ಈ ದೇಶದಲ್ಲೇ ಟೈಪ್‌ರೈಟರ್ ತಯಾರಿಸತೊಡಗಿತು. ಬೆರಳಿಗೆ ಇಂಗ್ಲಿಷ್ ಮೊದಲು ಬಂತು, ನಾಲಿಗೆಗೆ ಆಮೇಲೆ. ಅರ್ಥ ಪೂರ್ತಿ ತಿಳಿಯದ ವ್ಯಾಪಾರಿ ಪತ್ರವನ್ನು ತಪ್ಪಿಲ್ಲದೆ ಟೈಪು ಮಾಡುವವನು ಆ ಪತ್ರಗಳಿಂದಲೇ ಇಂಗ್ಲಿಷ್ ಕಲಿತ. ಕನ್ನಡದಲ್ಲಿ ಎಸ್.ಎಸ್.ಸಿ., ಇಂಗ್ಲಿಷಿನಲ್ಲಿ ಟೈಪಿಂಗ್: ಇದನ್ನು ಯಾವ ಶಿಕ್ಷಣ ತಜ್ಞನೂ ಕುಳಿತು ಯೋಜಿಸಿದ್ದಲ್ಲ, ಆದರೆ ಭಾಷಾ ನೀತಿಯ ದೊಡ್ಡ ದೊಡ್ಡ ವರದಿಗಳಿಗಿಂತ ಇದು ಕೆಲಸಕ್ಕೆ ಬಂತು.

ಮುಂದೆ ಓದುವವರಿಗೆ ಡಾ. ಅಂಬೇಡ್ಕರ್ 1946ರಲ್ಲಿ ಸ್ಥಾಪಿಸಿದ ಸಿದ್ಧಾರ್ಥ ಕಾಲೇಜು ಫೋರ್ಟಿನಲ್ಲೇ ಇತ್ತು. ದುಡಿಯುವವರ ಅನುಕೂಲಕ್ಕೆಂದೇ ಅಲ್ಲಿ ಬೆಳಗಿನ ಹೊತ್ತು ತರಗತಿ. ಬೆಳಿಗ್ಗೆ ಕಾಲೇಜು, ಹಗಲು ಕಚೇರಿ. ಬ್ಯಾಂಕುಗಳ ಬಾಗಿಲೂ ಆ ಹೊತ್ತಿಗೆ ಅಗಲವಾಯಿತು. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂಬ ನಾಲ್ಕೂ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಹುಟ್ಟಿದವು. ಮೊದಲೆರಡು 1969ರಲ್ಲಿ, ಉಳಿದೆರಡು 1980ರಲ್ಲಿ ರಾಷ್ಟ್ರೀಕರಣಗೊಂಡವು. ಶಾಖೆಗಳು ಹೆಚ್ಚಿದಂತೆ ಗುಮಾಸ್ತರು ಬೇಕಾದರು. ಹೋಟೆಲಿನ ಹುಡುಗ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತ, ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಒಂದು ಫ್ಲ್ಯಾಟು ಕೊಂಡ, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಹಾಕಿದ. ಚಹಾದ ಹೊತ್ತಿನ ಕೊರಗು ಇಲ್ಲಿಂದ ಶುರುವಾಗುತ್ತದೆ. ಆದರೆ ಅವನು ಮಾಡಿದ್ದು ರಾತ್ರಿ ಶಾಲೆ ಕಲಿಸಿದ ಲೆಕ್ಕವನ್ನೇ ಒಂದು ಮೆಟ್ಟಿಲು ಮುಂದಕ್ಕೆ ಹಾಕಿದ್ದು: ಯಾವ ಭಾಷೆ ಅನ್ನದ ಹತ್ತಿರ ಒಯ್ಯುತ್ತದೋ ಆ ಭಾಷೆ.

ಈ ಇಡೀ ಕಥೆಯಲ್ಲಿ ಹೆಂಗಸರಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಹೋಟೆಲಿಗೆ ಬಂದವರು ಗಂಡುಮಕ್ಕಳು, ರಾತ್ರಿ ಹತ್ತು ಗಂಟೆಗೆ ಬೀದಿಯಲ್ಲಿ ನಡೆದು ಹೋಗಬಲ್ಲವರೂ ಅವರೇ. ಅವರ ಅಕ್ಕತಂಗಿಯರು ಊರಿನಲ್ಲಿ ಬೀಡಿ ಕಟ್ಟುತ್ತಿದ್ದರು, ಮೀನು ಮಾರುತ್ತಿದ್ದರು. ಮುಂಬಯಿಯಿಂದ ಮನಿ ಆರ್ಡರ್ ತಡವಾದ ತಿಂಗಳು ಒಲೆ ಉರಿಸಿದ್ದು ಆ ಬೀಡಿಯ ಕಾಸು. ಅವರಿಗೆ ರಾತ್ರಿ ಶಾಲೆ ಇರಲಿಲ್ಲ.

ಹಾಗಾದರೆ ಬೆಂಚುಗಳು ಖಾಲಿಯಾದದ್ದು ಹೇಗೆ? ಒಂದೇ ಏಟಿಗಲ್ಲ. 1974ರ ಭೂ ಸುಧಾರಣೆಯ ತಿದ್ದುಪಡಿಯಿಂದ ಕರಾವಳಿಯ ಗೇಣಿದಾರರ ಕೈಗೆ ಭೂಮಿ ಬಂತು. ಹೊಟ್ಟೆಗಿಲ್ಲದೆ ಹತ್ತು ವರ್ಷದ ಮಗುವನ್ನು ಮುಂಬಯಿಗೆ ಕಳಿಸುವ ಮನೆಗಳು ಕಡಿಮೆಯಾದವು. ಊರೂರಲ್ಲಿ ಹೈಸ್ಕೂಲು ಬಂತು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದೆಡೆಗೂ ಬಂದು, ಮಧ್ಯಾಹ್ನದ ಊಟ ಶಾಲೆಯಲ್ಲೇ ಸಿಗತೊಡಗಿತು. 2006ರ ಅಕ್ಟೋಬರಿನಲ್ಲಿ 14 ವರ್ಷದ ಕೆಳಗಿನ ಮಕ್ಕಳನ್ನು ಹೋಟೆಲು, ಧಾಬಾ, ಮನೆಗೆಲಸಗಳಲ್ಲಿ ದುಡಿಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿತು. ಅಡಿಗೆಮನೆಗೆ ಆಮೇಲೆ ಬಂದವರು ಬೇರೆ ರಾಜ್ಯಗಳ, ಬೇರೆ ಭಾಷೆಗಳ ಯುವಕರು. ಕನ್ನಡದ ಹುಡುಗ ಬಂದರೂ ಊರಿನಲ್ಲೇ ಹತ್ತನೇ ಕ್ಲಾಸು ಮುಗಿಸಿ ಬಂದವನು, ಅವನಿಗೆ ಬೇಕಾದದ್ದು ರಾತ್ರಿ ಹೈಸ್ಕೂಲಲ್ಲ. ಇನ್ನೊಂದು ತುದಿಯಲ್ಲಿ ಟೈಪಿಂಗಿನ ದಾರಿಯೂ ಮುಗಿಯಿತು. ಬ್ಯಾಂಕುಗಳಿಗೆ ಕಂಪ್ಯೂಟರ್ ಬಂತು, ಗುಮಾಸ್ತರನ್ನು ಆರಿಸುತ್ತಿದ್ದ ನೇಮಕಾತಿ ಮಂಡಳಿಗಳು 2001ರಲ್ಲಿ ಮುಚ್ಚಿದವು.

ರಾತ್ರಿ ಶಾಲೆಯ ಮಕ್ಕಳು ಕಡಿಮೆಯಾದದ್ದು ಎಷ್ಟೋ ಮಟ್ಟಿಗೆ ಹಗಲು ಶಾಲೆಯ ಮಕ್ಕಳು ಹೆಚ್ಚಿದ್ದರ ಫಲ. ಹನ್ನೊಂದು ವರ್ಷದ ಹುಡುಗ ಗ್ಲಾಸು ತೊಳೆಯಲಿಲ್ಲವಲ್ಲ ಎಂದು ಕಣ್ಣೀರು ಹಾಕುವುದು ನನ್ನಿಂದಾಗದು. ಕನ್ನಡಕ್ಕೆ ಮುಂಬಯಿಯಲ್ಲಿ ಜಾಗ ಉಳಿಯಬೇಕು ಎಂಬುದು ನ್ಯಾಯವಾದ ಆಸೆಯೇ. ಆದರೆ ಅದಕ್ಕೆ ಮಕ್ಕಳ ಬಡತನವನ್ನು ಅಡಿಪಾಯ ಮಾಡಿಕೊಂಡಿದ್ದ ಕಾಲವನ್ನು ಸುವರ್ಣಯುಗ ಎನ್ನಲಾಗದು.

ನನಗೆ ಚಿಂತೆಯಾಗುವುದು ಬೇರೆ ವಿಷಯಕ್ಕೆ. ದುಡಿಯುವ ವಯಸ್ಕರಿಗೆ ಶಾಲೆಯ ಅಗತ್ಯ ಮುಗಿದಿಲ್ಲ, ಅವರ ಭಾಷೆ ಬದಲಾಗಿದೆ ಅಷ್ಟೆ. ಮುಂಬಯಿಯ ಮರಾಠಿ, ಹಿಂದಿ ರಾತ್ರಿ ಶಾಲೆಗಳಿಗೆ ಇಂದಿಗೂ ಅಂಗಡಿಯ ಹುಡುಗರು, ಮನೆಗೆಲಸದ ಹೆಂಗಸರು, ಡೆಲಿವರಿ ಮಾಡುವವರು ಬರುತ್ತಾರೆ. 2017ರಲ್ಲಿ ಮಹಾರಾಷ್ಟ್ರ ಸರ್ಕಾರ, ಹಗಲು ಶಾಲೆಯ ಶಿಕ್ಷಕರು ರಾತ್ರಿಯೂ ಪಾಠ ಮಾಡುವ ಪದ್ಧತಿಯನ್ನು ನಿಲ್ಲಿಸುವ ಆದೇಶ ಹೊರಡಿಸಿತು. ಒಬ್ಬರಿಗೆ ಎರಡು ನೌಕರಿ ಯಾಕೆ ಎಂಬ ವಾದ ಕೇಳಲು ಸರಿಯಾಗಿಯೇ ಇತ್ತು. ಆದರೆ ಅನುಭವಸ್ಥ ಮೇಷ್ಟ್ರುಗಳು ಒಮ್ಮೆಲೇ ಹೊರಬಿದ್ದು ಶಾಲೆಗಳು ತತ್ತರಿಸಿದವು.

2008ರಿಂದ ಮಾಸೂಮ್ ಎಂಬ ಸಂಸ್ಥೆ ಮುಂಬಯಿಯ ರಾತ್ರಿ ಶಾಲೆಗಳ ಜೊತೆ ಕೆಲಸ ಮಾಡುತ್ತಿದೆ. ವಿಜ್ಞಾನದ ಪ್ರಯೋಗಗಳಿಗೆ ಸಂಚಾರಿ ಪ್ರಯೋಗಾಲಯ, ಪುಸ್ತಕ, ಜೊತೆಗೆ ಸಂಜೆಯ ತಿಂಡಿ. ಕೆಲಸದಿಂದ ನೇರವಾಗಿ ಬರುವವರು ಹಸಿದು ಬರುತ್ತಾರೆ, ಪಾಠಕ್ಕಿಂತ ಮೊದಲು ಏನಾದರೂ ತಿನ್ನಲು ಕೊಡಬೇಕು ಎಂಬ ತಿಳಿವಳಿಕೆ ಅದು. ದಿನವಿಡೀ ಊರಿಗೆಲ್ಲ ಇಡ್ಲಿ ದೋಸೆ ಬಡಿಸಿ, ಹೊತ್ತಾಯಿತೆಂದು ಬರಿಹೊಟ್ಟೆಯಲ್ಲೇ ಓಡಿಬಂದು ಆ ಪುಟ್ಟ ಬೆಂಚುಗಳಲ್ಲಿ ಕುಳಿತ ಹುಡುಗರಿಗೆ ಅದಿರಲಿಲ್ಲ.